ಗ್ಯಾಸ್ ಖಾಲಿ ಸಾರ್

ಬಿನ್ನಿಪೇಟೆಯ ಯಾವ ಫ್ಲಾಟಿನ ಎಸಿ ಕೆಟ್ಟರೂ ಕಾಯಿಲೆ ಒಂದೇ. ಮೆಕ್ಯಾನಿಕ್ ಇನ್ನೂ ಲಿಫ್ಟಿನಲ್ಲಿರುವಾಗಲೇ ಅದು ಪತ್ತೆಯಾಗಿರುತ್ತದೆ: “ಗ್ಯಾಸ್ ಖಾಲಿ ಸಾರ್.”

ಯಜಮಾನರೂ ತಲೆಯಾಡಿಸುತ್ತಾರೆ. ಅಡುಗೆಮನೆಯ ಸಿಲಿಂಡರ್ ಖಾಲಿಯಾಗುವಾಗ ಹಾಲ್‌ನ ಎಸಿಯದ್ದೂ ಆಗಲೇಬೇಕಲ್ಲ! ಆದರೆ ಎಸಿಯ ಗ್ಯಾಸನ್ನು ಯಾರೂ ಉರಿಸುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಅದು ಒಳಗಿನ ಶಾಖ ಹೊತ್ತು ಹೊರಗೆ ಇಳಿಸಿ ಮತ್ತೆ ಒಳಗೆ ಬರುತ್ತದೆ, ಅಷ್ಟೇ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರಿದ ಜಾಗ ಹುಡುಕಿ, ಬೆಸುಗೆ ಹಾಕಿ, ವ್ಯಾಕ್ಯೂಮ್ ಮಾಡಿ, ಔಟ್‌ಡೋರ್ ಯೂನಿಟ್ಟಿನ ಫಲಕದಲ್ಲಿ ಬರೆದಷ್ಟನ್ನು ತೂಗಿ ತುಂಬಬೇಕು. ನಮ್ಮ ತಜ್ಞರ ಚೀಲದಲ್ಲಿ ತಕ್ಕಡಿ ಇಲ್ಲ, ವ್ಯಾಕ್ಯೂಮ್ ಪಂಪ್ ಇಲ್ಲ. ಅಂದಾಜು ಮಾತ್ರ ಧಾರಾಳವಾಗಿದೆ. ತೂತು ಬಿಂದಿಗೆಗೆ ವರ್ಷಕ್ಕೊಮ್ಮೆ ನೀರು ಹುಯ್ಯುವ ಈ ಸೇವೆಗೆ ವಾರ್ಷಿಕ ಒಪ್ಪಂದವೂ ಉಂಟು.

ಯಜಮಾನರ ಕಡೆಯ ಸಾಧನೆಯೇನೂ ಕಮ್ಮಿಯಿಲ್ಲ. ಹೊಸ್ತಿಲು ದಿನಾ ತೊಳೆಯುವ ಮನೆಯಲ್ಲಿ ಎಸಿಯ ಮುಚ್ಚಳ ಗೃಹಪ್ರವೇಶದ ನಂತರ ತೆರೆದಿಲ್ಲ. ಮಾಗಡಿ ರಸ್ತೆಯ ಧೂಳು ಒಳಗಿನ ಫಿಲ್ಟರ್ ಮೇಲೆ ಕಂಬಳಿಯಾಗಿ ಕೂತಿದೆ. ಗಾಳಿ ಓಡಾಡದೆ ಕಾಯಿಲ್ ಮೇಲೆ ಮಂಜು ಕಟ್ಟಿದರೆ, “ನೋಡಿ, ಐಸ್ ಬರ್ತಿದೆ, ಎಸಿ ಚೆನ್ನಾಗೇ ಇದೆ” ಎಂದು ಹೆಮ್ಮೆ ಬೇರೆ. ಆಗ ಕೂಲಿಂಗ್ ನಿಲ್ಲಿಸಿ, ಬರೀ ಫ್ಯಾನ್ ಹಾಕಿ ಮಂಜು ಕರಗಿಸಬೇಕು. ಅವರು ರಿಮೋಟನ್ನು 16ಕ್ಕೆ ಇಳಿಸುತ್ತಾರೆ.

ಇನ್ನು ಔಟ್‌ಡೋರ್ ಯೂನಿಟ್ಟು. ಹೊರಗೋಡೆಗೆ ಹಾಕಿದರೆ ಎಲಿವೇಶನ್ ಕೆಡುತ್ತದೆ ಎಂದು ಅಸೋಸಿಯೇಷನ್ನಿನ ತಕರಾರು. ಸರಿ, ಯುಟಿಲಿಟಿಯಲ್ಲಿ ವಾಷಿಂಗ್ ಮಷೀನ್ ಪಕ್ಕ ಕೂರಿಸಿದರು. ಪಾರಿವಾಳ ಬರುತ್ತವೆಂದು ಯುಟಿಲಿಟಿಗೆ ಗಾಜಿನ ಸ್ಲೈಡಿಂಗ್ ಬಂತು. ಈಗ ಆ ಬಡಪಾಯಿ ತಾನು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಿದೆ. ಪಾರಿವಾಳಗಳು ಆಚೆ ತಂಪಾಗಿವೆ.

ಈ ಟವರುಗಳು ಎದ್ದ ನೆಲದಲ್ಲಿ 1884ರಲ್ಲಿ ಶುರುವಾದ ಬಟ್ಟೆ ಗಿರಣಿ ಇತ್ತು. ಬಿನ್ನಿ ಮಿಲ್ ಎಂದೇ ಊರಿಗೆಲ್ಲ ಗೊತ್ತು. ಏರ್ ಕಂಡೀಷನಿಂಗ್ ಎಂಬ ಹೆಸರು ಚಲಾವಣೆಗೆ ಬಂದದ್ದೂ ಗಿರಣಿಯ ದೆಸೆಯಿಂದಲೇ. 1906ರಲ್ಲಿ ಅಮೆರಿಕದ ಸ್ಟುವರ್ಟ್ ಕ್ರೇಮರ್ ಹಾಗೆ ಕರೆದದ್ದು ನೂಲಿಗೆ ಹದವಾದ ತೇವ ಕೊಡುವ ವಿದ್ಯೆಯನ್ನು. ಕೂಲಿಯವರ ಬೆವರು ಆ ಲೆಕ್ಕದಲ್ಲಿರಲಿಲ್ಲ. ಈಗ ನೂಲಿಲ್ಲ, ಕೂಲಿಯವರಿಲ್ಲ. ಬೆವರು ಮಾತ್ರ ಇಎಂಐ ಕಟ್ಟುವವರ ಪಾಲಿಗೆ ಬಂದಿದೆ. 2016ರ ಏಪ್ರಿಲ್ 24ರಂದು ಬೆಂಗಳೂರು 39.2 ಡಿಗ್ರಿ ಮುಟ್ಟಿದ ಮೇಲೆ “ನಮ್ಮೂರಿಗೆ ಎಸಿ ಯಾಕ್ರೀ” ಎನ್ನುವ ಹಿರಿಯರೂ ಬಾಯಿ ಮುಚ್ಚಿದ್ದಾರೆ.

ಮೆಕ್ಯಾನಿಕ್ ಕೆಲಸ ಮುಗಿಸಿದ. ಗೇಜ್ ಸಿಕ್ಕಿಸಿ ಒಂದಷ್ಟು ಬುಸ್ ಅನ್ನಿಸಿದ. ಹೇಗೂ ಬಂದಿದ್ದೇನೆ ಎಂದು ಫಿಲ್ಟರ್ ಬಿಚ್ಚಿ, ನಲ್ಲಿ ಕೆಳಗೆ ಹಿಡಿದು, ಒದರಿ ಹಾಕಿದ. ಬಟ್ಟೆ ಒಣಗಲೆಂದು ಯುಟಿಲಿಟಿಯ ಗಾಜನ್ನೂ ಯಾರೋ ಸರಿಸಿದ್ದರು. ಅರ್ಧ ಗಂಟೆಯಲ್ಲಿ ರೂಮು ಊಟಿಯಾಯಿತು. ಬಿಲ್ಲಿನಲ್ಲಿ ಗ್ಯಾಸಿಗೆ ಸಾವಿರಗಳು, ಫಿಲ್ಟರ್ ತೊಳೆದದ್ದಕ್ಕೆ ಸೊನ್ನೆ. ಯಜಮಾನರು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಅವನ ನಂಬರ್ ಹಾಕಿ ಬರೆದರು: “ಒಳ್ಳೇ ಹುಡುಗ. ಫಿಲ್ಟರ್ ಫ್ರೀಯಾಗಿ ತೊಳೆದುಕೊಟ್ಟ.”