ಅರಗಿನ ಮನೆಯ ಜಾಝಪ್ಪ

ನ್ಯೂಯಾರ್ಕ್ ಕಡೆ ನಾಲ್ಕಾರು ವರ್ಷ ಕೆಲಸ ಮಾಡಿದ ಕನ್ನಡಿಗರಿಗೆ ಇವನ ಪರಿಚಯ ಆಗಿಯೇ ಇರುತ್ತದೆ. ಸೋಮವಾರದಿಂದ ಪಕ್ಕದ ಸೀಟಿನಲ್ಲಿ ಕೂತು ತೆಪ್ಪಗೆ ಕಂಪ್ಯೂಟರ್ ನೋಡುವ ಸಾದಾ ಅಮೆರಿಕನ್ ಆಸಾಮಿ. ಶುಕ್ರವಾರ ಸಂಜೆಯಾಯಿತೋ, ಮೈಮೇಲೆ ಜಾಝ್ ಕಾಲದ 1926 ಬರುತ್ತದೆ. ಇಂಥವರು ಊರಿಗೆ ಹತ್ತು ಮಂದಿ ಇದ್ದಾರೆ. ಸದ್ಯಕ್ಕೆ ಎಲ್ಲರನ್ನೂ ಸೇರಿಸಿ ಜಾಝಪ್ಪ ಎನ್ನೋಣ.

ಮೈಮೇಲೆ ಬಂದದ್ದು ಮೊದಲು ಗೊತ್ತಾಗುವುದು ಪ್ಯಾಂಟಿನಲ್ಲಿ. ಅದು ಸೊಂಟ ಬಿಟ್ಟು, ಹೊಕ್ಕಳು ದಾಟಿ, ಇನ್ನೇನು ಎದೆಗೇ ಬರುತ್ತದೆ ಎನ್ನುವಾಗ ಎರಡು ಭುಜಪಟ್ಟಿಗಳ ದಯದಿಂದ ನಿಲ್ಲುತ್ತದೆ. ವೇಸ್ಟ್‌ಕೋಟಿನ ಕೊನೆಯ ಗುಂಡಿ ಹಾಕುವಂತಿಲ್ಲ. ಇಂಗ್ಲೆಂಡಿನ ಏಳನೇ ಎಡ್ವರ್ಡ್ ದೊರೆಗೆ ಹೊಟ್ಟೆ ಬಂದು ಆ ಗುಂಡಿ ಹಾಕಲಾಗುತ್ತಿರಲಿಲ್ಲವಂತೆ, ಆಸ್ಥಾನದವರೂ ಬಿಚ್ಚಿಕೊಂಡರಂತೆ. ಹೊಟ್ಟೆಯೇ ಇಲ್ಲದ ಜಾಝಪ್ಪನೂ ಇಂದಿಗೂ ಆ ರಾಜಭಕ್ತಿ ಬಿಟ್ಟಿಲ್ಲ.

ಎಲ್ಲಕ್ಕಿಂತ ದೊಡ್ಡ ವ್ರತ ಕಾಲರಿನದು. ನ್ಯೂಯಾರ್ಕ್ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ 1827ರ ಸುಮಾರಿಗೆ ಹನ್ನಾ ಮಾಂಟೆಗ್ಯು ಎಂಬಾಕೆ, ಅಂಗಿಯಲ್ಲಿ ಕೊಳೆಯಾಗುವುದು ಕಾಲರೊಂದೇ, ಅದಕ್ಕಾಗಿ ಗಂಡನ ಇಡೀ ಅಂಗಿ ಯಾಕೆ ಒಗೆಯಲಿ ಎಂದು ಕಾಲರನ್ನು ಬೇರೆ ಮಾಡಿದಳಂತೆ. ಮುಂದೆ ಆ ಊರು ಜಗತ್ತಿಗೆಲ್ಲ ಕಾಲರ್ ಹೊಲಿದು ‘ಕಾಲರ್ ಸಿಟಿ’ ಎಂದೇ ಹೆಸರಾಯಿತು. ಹೆಂಗಸೊಬ್ಬಳು ಕೆಲಸ ಕಡಿಮೆ ಮಾಡಿಕೊಳ್ಳಲು ಕಂಡುಹಿಡಿದದ್ದನ್ನು ಜಾಝಪ್ಪ ಅರ್ಧ ದಿನದ ಕೆಲಸವಾಗಿ ಬೆಳೆಸಿದ್ದಾನೆ. ಕಾಲರಿಗೆ ಗಂಜಿ ಹಾಕಬೇಕು, ಹಲಗೆಯಂತಾಗುವ ತನಕ ಇಸ್ತ್ರಿ ಉಜ್ಜಬೇಕು, ಕುತ್ತಿಗೆಯ ಹಿಂದೊಂದು ಮುಂದೊಂದು ಹಿತ್ತಾಳೆ ಗುಂಡಿ ಸಿಕ್ಕಿಸಬೇಕು. ಮುಂದಿನ ಗುಂಡಿ ಹಾಕುವಾಗ ಹಿಂದಿನದು ಟಣ್ ಎಂದು ಹಾರಿ ಸೋಫಾದ ಕೆಳಗೆ ಹೋಗುತ್ತದೆ. ಎದೆಮಟ್ಟದ ಪ್ಯಾಂಟು ತೊಟ್ಟವನು ಬಗ್ಗುವುದು ಸುಲಭವಲ್ಲ. ಮೊಬೈಲ್ ಟಾರ್ಚ್ ಹಿಡಿದು ಅಂಬೆಗಾಲಿಡುತ್ತಾನೆ. ಮೊಬೈಲಿಗೆ ವಿನಾಯಿತಿ ಇದೆ. ಆ ಗುಂಡಿಯನ್ನು ಹರಾಜಿನಲ್ಲಿ, ಕೊನೆಯ ಐದು ಸೆಕೆಂಡಿನಲ್ಲಿ ಬೆರಳೊತ್ತಿ ಗೆದ್ದದ್ದೂ ಅದರಲ್ಲೇ ತಾನೆ.

ಸಂಗೀತದಲ್ಲಂತೂ ಪೂರ್ತಿ ಮಡಿ. ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟು, ಕೀ ಕೊಡುವ ಪೆಟ್ಟಿಗೆ, ಒಂದೊಂದು ಬದಿಗೂ ಹೊಸ ಉಕ್ಕಿನ ಮುಳ್ಳು. ಮೂರು ನಿಮಿಷದ ಹಾಡಿಗೆ ಐದು ನಿಮಿಷದ ಸೇವೆ. ಎಲ್‌ಪಿ ಮೈಲಿಗೆ. 1925ರಲ್ಲಿ ಮೈಕಿನ ಮುಂದೆ ಧ್ವನಿಮುದ್ರಣ ಶುರುವಾಯಿತಲ್ಲ, ಅಲ್ಲಿಗೆ ಜಾಝ್ ಅರ್ಧ ಕೆಟ್ಟಿತು ಎನ್ನುವ ಕಡುಮಡಿವಂತರೂ ಇದ್ದಾರೆ. 1940ರ ದಶಕದಲ್ಲಿ ಬೀಬಾಪ್ ಎಂಬ ಹೊಸ ಜಾಝಿನ ಪಕ್ಷದವರು ಇಂಥವರಿಗೆ ‘ಬೂಷ್ಟು ಹಿಡಿದ ಅಂಜೂರ’ ಎಂದು ಹೆಸರಿಟ್ಟಿದ್ದರು. ಜಾಝಪ್ಪ ಅದನ್ನು ಬಿರುದಿನಂತೆ ಹೇಳಿಕೊಳ್ಳುತ್ತಾನೆ.

ಅವನ ಗರ್ಭಗುಡಿಯಲ್ಲಿರುವುದು 1923ರಲ್ಲಿ ಕಿಂಗ್ ಆಲಿವರ್ ತಂಡ ಇಂಡಿಯಾನಾದ ರಿಚ್ಮಂಡ್‌ನಲ್ಲಿ, ಜೆನೆಟ್ ಕಂಪನಿಗೆ ನುಡಿಸಿದ ಪ್ಲೇಟು. ಆ ಸ್ಟುಡಿಯೋ ರೈಲು ಹಳಿಯ ಪಕ್ಕದಲ್ಲೇ ಇತ್ತು. ರೈಲು ಬಂದಾಗ ಎಲ್ಲರೂ ಊದುವುದು ನಿಲ್ಲಿಸಿ ಕಾಯಬೇಕು. ಮೈಕ್ ಇಲ್ಲ, ದೊಡ್ಡ ಕೊಂಬಿನ ಮುಂದೆ ನಿಂತು ನುಡಿಸಬೇಕು. ಹುಡುಗ ಲೂಯಿ ಆರ್ಮ್‌ಸ್ಟ್ರಾಂಗನ ಊದು ಉಳಿದವರನ್ನೆಲ್ಲ ಮುಳುಗಿಸುತ್ತದೆಂದು ಅವನನ್ನು ದೂರ ನಿಲ್ಲಿಸಿದ್ದರಂತೆ. ಜಾಝಪ್ಪ ಕಣ್ಣು ಮುಚ್ಚಿ, ಬೆರಳೆತ್ತಿ, “ಇಗೋ, ಹಿಂದೆ ನಿಂತಿದ್ದಾನೆ, ಕೇಳಿಸಿತಾ?” ಎನ್ನುತ್ತಾನೆ. ನನಗೆ ಕೇಳಿಸುವುದು ಬಾಣಲೆಯಲ್ಲಿ ಸಂಡಿಗೆ ಕರಿಯುವ ಸದ್ದು. ಕೇಳಿಸಿತು ಎಂದುಬಿಡುವುದು ಕ್ಷೇಮ. ಇಲ್ಲವೆಂದರೆ ಹೊಸ ಮುಳ್ಳು ಹಾಕಿ ಮೊದಲಿನಿಂದ ಶುರು ಮಾಡುತ್ತಾನೆ. ಒಮ್ಮೆ ಉಪಚಾರಕ್ಕೆ ರೈಲೂ ಕೇಳಿಸಿತು ಎಂದೆ. ಕೈಹಿಡಿದು ಕುಲುಕಿದ.

ಬೇಸಿಗೆಯ ಜಾತ್ರೆ ಬೇರೆ. ಮ್ಯಾನ್‌ಹ್ಯಾಟನ್ ತುದಿಯಿಂದ ದೋಣಿಯಲ್ಲಿ ಗವರ್ನರ್ಸ್ ಐಲ್ಯಾಂಡಿಗೆ ಹೋದರೆ ಅಲ್ಲಿ ‘ಜಾಝ್ ಏಜ್ ಲಾನ್ ಪಾರ್ಟಿ’. ಮೈಕೆಲ್ ಅರೆನೆಲ್ಲಾ ಎಂಬ ವಾದ್ಯಗಾರ 2005ರಲ್ಲಿ ಶುರುಮಾಡಿದ್ದು. ಜಾಝಪ್ಪ ಸುಡುಬಿಸಿಲಲ್ಲಿ ಉಣ್ಣೆಯ ಸೂಟು ತೊಟ್ಟು, ಮುತ್ತಿನಸರದ ಹೆಂಗಸರೊಡನೆ ಚಾರ್ಲ್ಸ್‌ಟನ್ ಕುಣಿಯುತ್ತಾನೆ. ಬೆವರು ಒರೆಸುವುದಿಲ್ಲ, ಜೇಬಿನ ಕರ್ಚೀಫು ತೋರಿಸುವುದಕ್ಕೆ ಇರುವಂಥದ್ದು. ತಲೆಯ ಮೇಲಿನ ಹುಲ್ಲಿನ ಹ್ಯಾಟು ಸೆಪ್ಟೆಂಬರ್ 15ಕ್ಕೆ ಸರಿಯಾಗಿ ಅಟ್ಟ ಸೇರುತ್ತದೆ. ಆ ತಾರೀಖು ದಾಟಿದ ಮೇಲೂ ಹುಲ್ಲಿನ ಹ್ಯಾಟು ಹಾಕಿದವನ ತಲೆಯಿಂದ ಅದನ್ನು ಕಿತ್ತು ತುಳಿಯುವ ಪದ್ಧತಿ ಆಗ ನ್ಯೂಯಾರ್ಕಿನಲ್ಲಿತ್ತು. 1922ರಲ್ಲಿ ಪಡ್ಡೆ ಹುಡುಗರು ಎರಡು ದಿನ ಮೊದಲೇ ಕೈಹಾಕಿ, ಊರಲ್ಲಿ ದೊಂಬಿಯೇ ಆಗಿತ್ತು. ಈಗ ಹ್ಯಾಟು ಕೀಳುವವರು ಯಾರೂ ಇಲ್ಲವಲ್ಲ ಎಂಬುದು ಜಾಝಪ್ಪನ ಕೊರಗು.

“ನಾವು ಆ ಕಾಲದಲ್ಲಿ ಹುಟ್ಟಬೇಕಿತ್ತು ಕಣಯ್ಯಾ” ಎಂದು ಒಂದು ಸಲ ನನ್ನ ಹೆಗಲ ಮೇಲೆ ಕೈಹಾಕಿದ. ಜಾಝಿನ ಮೊಟ್ಟಮೊದಲ ಪ್ಲೇಟು ಮುದ್ರಣವಾದದ್ದು 1917ರ ಫೆಬ್ರವರಿಯಲ್ಲಿ. ಇಂಡಿಯಾದವರು ಕೂಲಿಗಾಗಿ ಅಮೆರಿಕಕ್ಕೆ ಬರಕೂಡದು ಎಂಬ ಕಾನೂನಾದದ್ದೂ ಅದೇ ತಿಂಗಳು. “ನೀನು ಹುಟ್ಟಪ್ಪಾ, ನನ್ನನ್ನು ಬಂದರಿನಿಂದಲೇ ವಾಪಸು ಕಳಿಸ್ತಾರೆ” ಎಂದೆ. ಬಂದಿದ್ದರೂ, ಡ್ಯೂಕ್ ಎಲಿಂಗ್ಟನ್ ನುಡಿಸುತ್ತಿದ್ದ ಹಾರ್ಲೆಮ್‌ನ ಕಾಟನ್ ಕ್ಲಬ್ಬಿನಲ್ಲಿ ವೇದಿಕೆಗೆ ಕರಿಯರು, ಮೇಜಿಗೆ ಬಿಳಿಯರು. ನನ್ನ ಬಣ್ಣದವನಿಗೆ ಯಾವ ಕುರ್ಚಿ ಹಾಕುತ್ತಿದ್ದರೋ. ಜಾಝಪ್ಪ ಒಂದು ಬದಿ ಮುಗಿಯುವವರೆಗೂ ಸುಮ್ಮನಿದ್ದ. ಆಮೇಲೆ ಎದ್ದು ಪ್ಲೇಟು ಮಗುಚಿ ಹಾಕಿದ. ಒಳ್ಳೆಯವನೇ. ಇಷ್ಟವಾದ ಬದಿ ಯಾವುದು ಎಂಬುದು ಅವನಿಗೆ ಗೊತ್ತು, ಅಷ್ಟೆ.

ಪಾಪ ಎನಿಸುವುದು ಅವನ ಹೆಂಡತಿಯನ್ನು ನೋಡಿದರೆ. ಪ್ಲೇಟುಗಳು ಹಾಲ್ ತುಂಬಿ, ಮಲಗುವ ಕೋಣೆ ದಾಟಿ, ಈಗ ಅಡಿಗೆಮನೆಯ ಹೊಸ್ತಿಲಲ್ಲಿವೆ. ಇವನ್ನೆಲ್ಲ ಯಾತರಲ್ಲಿ ಮಾಡಿದ್ದು ಎಂದು ಒಂದು ದಿನ ಆಕೆ ಕೇಳಿದರು. ಕಲ್ಲುಪುಡಿ, ಮಸಿ, ಎಲ್ಲವನ್ನೂ ಹಿಡಿದಿಡಲು ಅರಗು ಎಂದೆ. ಆ ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ಛೋಟಾನಾಗಪುರದ ಕಾಡುಗಳ ಕಡೆಯಿಂದ, ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುವುದೂ ಅರಗೇ ಎಂದು ವಿವರಿಸುತ್ತ, ಬಾಯಿ ತಡೆಯದೆ ವಾರಣಾವತದ ಅರಗಿನ ಮನೆಯ ಕತೆಯನ್ನೂ ಹೇಳಿಬಿಟ್ಟೆ. ವಿದುರ ಗುಟ್ಟಾಗಿ ಆಳು ಕಳಿಸಿ ಸುರಂಗ ತೋಡಿಸಿದ್ದು ಕೇಳಿ ಆಕೆಯ ಕಣ್ಣು ಅರಳಿತು. ಅಂಥ ಕೆಲಸದವರು ಈಗಲೂ ಸಿಗುತ್ತಾರಾ ಎಂದರು.

ಮುಳ್ಳು ಬದಲಿಸುತ್ತಿದ್ದ ಜಾಝಪ್ಪ ಗಾಬರಿಯಿಂದ ತಿರುಗಿ ನೋಡಿದ. “ಅಷ್ಟೂ ಅರಗು ಸುಟ್ಟೇ ಹೋಯಿತಾ? ಎಷ್ಟು ಪ್ಲೇಟಾಗ್ತಿತ್ತಲ್ಲಯ್ಯಾ!”