ಬಯಲುಸೀಮೆಯ ಹಡಗು ಛಾಯಾಗ್ರಾಹಕ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಹವ್ಯಾಸಿ ಛಾಯಾಗ್ರಾಹಕರಲ್ಲಿ ಒಂದು ಪ್ರಭೇದವನ್ನು ಪ್ರತ್ಯೇಕವಾಗಿಯೇ ಪರಿಶೀಲಿಸಬೇಕಾಗುತ್ತದೆ. ಬಂದರಿನಲ್ಲಿ ನಿಂತ ಸರಕು ಹಡಗನ್ನು ಕಪ್ಪು-ಬಿಳುಪಿನಲ್ಲಿ ಸೆರೆಹಿಡಿಯುವುದೊಂದೇ ಕಲೆ, ಉಳಿದದ್ದೆಲ್ಲ ಮದುವೆ ಆಲ್ಬಮ್ಮು ಎಂದು ನಂಬಿರುವ ಈತನು ಸಾಮಾನ್ಯವಾಗಿ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕನೋ ಬೀಜದಂಗಡಿಯ ಮಾಲೀಕನೋ ಆಗಿದ್ದು, ಅವನ ಮನೆಗೂ ಸಮುದ್ರಕ್ಕೂ ನಡುವೆ ಇಡೀ ಸಹ್ಯಾದ್ರಿಯೇ ಅಡ್ಡ ನಿಂತಿರುತ್ತದೆ.

ಖಾರಕ್ಕಿಂತ ಬಣ್ಣಕ್ಕೇ ಹೆಸರಾಗಿ, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯನ್ನೂ ಪಡೆದ ಮೆಣಸಿನಕಾಯಿಯ ನಾಡಿನಲ್ಲಿ ಹುಟ್ಟಿಯೂ ಈತನಿಗೆ ಬಣ್ಣವೆಂದರೆ ತಾತ್ಸಾರ. ಕಪ್ಪು-ಬಿಳುಪೇ ಬೇಕೆಂದಿದ್ದರೆ ಊರ ಪಕ್ಕದಲ್ಲೇ, 1974ರಲ್ಲಿ ಘೋಷಿತವಾದ ಅಭಯಾರಣ್ಯದಲ್ಲಿ, ಬೆನ್ನು ಕಪ್ಪಾಗಿ ಹೊಟ್ಟೆ ಬೆಳ್ಳಗಿರುವ ಕೃಷ್ಣಮೃಗವನ್ನು ಪ್ರಕೃತಿಯೇ ಸಿದ್ಧಪಡಿಸಿ ಇಟ್ಟಿದೆಯಲ್ಲ ಎಂದು ಯಾರಾದರೂ ನೆನಪಿಸಿದರೆ, ಈತನ ಉತ್ತರ ಚುಟುಕಾಗಿರುತ್ತದೆ: ಜಿಂಕೆ ಓಡುತ್ತದೆ, ಹಡಗು ಲಂಗರು ಹಾಕಿ ನಿಲ್ಲುತ್ತದೆ. ಮುಕ್ಕಾಲಿಯ ಕಾಲುಗಳನ್ನು ಬಿಚ್ಚಿ ಮಟ್ಟ ನೋಡುವುದಕ್ಕೇ ಅರ್ಧ ಗಂಟೆ ಹಿಡಿಯುವ ಕಲಾವಿದನಿಗೆ ಇದು ಸಣ್ಣ ಅನುಕೂಲವೇನಲ್ಲ.

ತನ್ನ ವ್ಯಾಮೋಹಕ್ಕೆ ಈತನು ಚರಿತ್ರೆಯ ಬೆಂಬಲವನ್ನೂ ಒದಗಿಸಬಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯಿಂದ ಹಡಗೇರುತ್ತಿತ್ತು, ಬಂದರಿನ ಹೆಸರೇ ಅದಕ್ಕೆ ಅಂಟಿ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎನಿಸಿಕೊಂಡಿತ್ತು ಎಂಬುದು ನಿಜವೇ. ಕ್ಯಾಮೆರಾದ ಹೊಸ ಲೆನ್ಸಿನ ಬೆಲೆಯನ್ನು ಹೆಂಡತಿ ವಿಚಾರಿಸಿದಾಗಲೆಲ್ಲ ಈ ಹತ್ತಿಯ ಪ್ರಸ್ತಾಪ ಬರುವುದನ್ನು ಮಾತ್ರ ಕಾಕತಾಳೀಯ ಎನ್ನಲಾಗದು. ಹತ್ತಿಯ ಸಾಕ್ಷ್ಯ ಸಾಲದಿದ್ದರೆ, 1907ರಲ್ಲಿ ಹಡಗಿನ ಕೆಳದರ್ಜೆಯ ಪ್ರಯಾಣಿಕರನ್ನು ಚಿತ್ರಿಸಿದ ಅಮೆರಿಕದ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ಸಾಕ್ಷಿಗೆ ಬಂದು ನಿಲ್ಲುತ್ತಾನೆ.

1975ರಲ್ಲಿ ಉದ್ಘಾಟನೆಯಾದ ಪಣಂಬೂರಿನ ನವಮಂಗಳೂರು ಬಂದರೇ ಈತನ ಯಾತ್ರಾಸ್ಥಳವಾದರೂ, ಪರವಾನಗಿ ಇಲ್ಲದವರನ್ನು ಕ್ಯಾಮೆರಾ ಸಮೇತ ಒಳಗೆ ಬಿಡದ ಕಾರಣ, ಮಂಡಕ್ಕಿ ಮೆಲ್ಲುವ ಪ್ರವಾಸಿಗರ ನಡುವೆ ಕಡಲತೀರದಲ್ಲೇ ನಿಂತು ಚಿತ್ರ ತೆಗೆಯಬೇಕಾಗುತ್ತದೆ. ಹೀಗೆ ದೊರೆತ ಚಿತ್ರದಲ್ಲಿ ಹಡಗು ಉಗುರಿನಷ್ಟಿದ್ದು ಉಳಿದದ್ದೆಲ್ಲ ಬೂದು ಆಕಾಶವಾಗಿರುತ್ತದೆ. ಇದಕ್ಕೆ ‘ಖಾಲಿ ಜಾಗದ ಸೌಂದರ್ಯ’ ಎಂಬ ಹೆಸರುಂಟು. ಅದೇ ಆಲ್ಬಮ್ಮಿನಲ್ಲಿ ಮಗಳ ಮದುವೆಯ ಚಿತ್ರಗಳೂ ಕಪ್ಪು-ಬಿಳುಪಿನಲ್ಲೇ ಇರುವುದನ್ನು ಕಂಡ ಗೃಹಿಣಿಯ ಪ್ರಶ್ನೆಗೆ ಕಲಾವಿಮರ್ಶೆಯಲ್ಲಿ ಇನ್ನೂ ಉತ್ತರವಿಲ್ಲ: “ಅಲ್ರೀ, ಇದರಾಗ ಧಾರೀ ಸೀರಿ ಯಾವುದು, ಬೀಗರು ಕೊಟ್ಟ ಸೀರಿ ಯಾವುದು ಅಂತ ಹೆಂಗ ಹೇಳೂದು?”

ಈತನ ಚೀಲದ ಅತ್ಯಂತ ಪವಿತ್ರ ವಸ್ತುವೆಂದರೆ ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ಕೆಂಪು ಗಾಜು, ಅರ್ಥಾತ್ ಕೆಂಪು ಫಿಲ್ಟರು. ಇದು ಕೆಂಪು ಬೆಳಕನ್ನು ಒಳಗೆ ಬಿಟ್ಟು ನೀಲಿಯನ್ನು ತಡೆಯುವುದರಿಂದ ನೀಲಿ ಆಕಾಶವು ಚಿತ್ರದಲ್ಲಿ ಕಪ್ಪಾಗಿ, ಮೋಡ ಎದ್ದು ಕಾಣುತ್ತದೆ. ಆದರೆ ಅದೇ ನಿಯಮದಂತೆ, ಕೆಂಪಾಗಿರುವುದೆಲ್ಲ ಬೆಳ್ಳಗಾಗುತ್ತದೆ. ಹಡಗಿನ ತಳಕ್ಕೆ ಬಳಿದ ಕೆಂಪು ಬಣ್ಣ ಹೀಗೆ ಬಿಳಿಚಿಕೊಂಡರೆ ಯಾರೂ ತಕರಾರು ಮಾಡುವುದಿಲ್ಲ. ತಕರಾರು ಏಳುವುದು, ಬ್ಯಾಡಗಿಯ ದಲಾಲಿ ಅಂಗಡಿಯವರು ಪರಿಚಯದ ಸಲುಗೆಯಿಂದ ಚೀಲದ ಮೇಲೆ ಅಚ್ಚು ಹಾಕಿಸಲು ಡಬ್ಬಿ ಮೆಣಸಿನಕಾಯಿಯ ಫೋಟೋ ಕೇಳಿದಾಗ. ಗಿಡ್ಡಗೆ, ದುಂಡಗೆ, ಮೈಯೆಲ್ಲ ಸುಕ್ಕಾಗಿರುವ ಆ ಕಾಯಿಯ ರಾಶಿಯನ್ನು ಈತನು ಫಿಲ್ಟರು ತೆಗೆಯದೆಯೇ ಶ್ರದ್ಧೆಯಿಂದ ಸೆರೆಹಿಡಿದು, ಚೌಕಟ್ಟು ಹಾಕಿಸಿ ಒಯ್ದು ಕೊಡುತ್ತಾನೆ. ಸಾವುಕಾರರು ಅದನ್ನು ಬೆಳಕಿಗೆ ಹಿಡಿದು, ಕನ್ನಡಕ ಸರಿಮಾಡಿಕೊಂಡು, “ಶೇಂಗಾ ಭಾಳ ಚಲೋ ಬಂದಾವ್ರಿ ಸರ, ನಮ್ಮ ಮೆಣಸಿನಕಾಯಿದು ಯಾವಾಗ ತಗೀತೀರಿ?” ಎನ್ನುತ್ತಾರೆ.