ತುಂಡಿನ ಹೇಳಿಕೆ

ತಾಯಿಗಿಡದ ಕಾಂಡವನ್ನು ಕತ್ತರಿಸಿ, ಬೀಜದ ಹಂಗಿಲ್ಲದೆ ಆ ತುಂಡಿನಿಂದಲೇ ಹೊಸ ಗಿಡ ಪಡೆಯುವ ವಿಧಾನಕ್ಕೆ ನಿರ್ಲಿಂಗ ಸಸ್ಯಾಭಿವೃದ್ಧಿ ಎಂದು ಹೆಸರು. ಗೋಕಾಕದ ಮನೆಯೊಂದರ ಕಿಟಕಿಯಲ್ಲಿ, ಬಾಟಲಿಯ ನೀರಿನಲ್ಲಿ ನಿಂತಿರುವ ಮನಿಪ್ಲಾಂಟಿನ ತುಂಡು ಈ ವಿಷಯದಲ್ಲಿ ಅಧಿಕೃತವಾಗಿ ಮಾತನಾಡಬಲ್ಲದಾದ್ದರಿಂದ ಅದನ್ನು ಸಂದರ್ಶಿಸಲಾಯಿತು.

ಬೇರು ಬರಿಸುವ ಜೆಲ್ಲಿನ ಬಗ್ಗೆ ಕೇಳಿದಾಗ ತುಂಡು ಮೊದಲು ಅದರ ವಂಶಾವಳಿಯನ್ನು ಒಪ್ಪಿಸಿತು. ಡಚ್ ವಿಜ್ಞಾನಿ ಫ್ರಿಟ್ಸ್ ವೆಂಟ್ ಅವರು ಓಟ್ಸ್ ಮೊಳಕೆಯ ತುದಿಗಳನ್ನು ಅಗರ್ ಎಂಬ, ಕಡಲಪಾಚಿಯಿಂದ ತೆಗೆದ ಲೋಳೆಗಟ್ಟಿಯ ಮೇಲಿರಿಸಿ, ಅದರೊಳಕ್ಕೆ ಇಳಿದ ಬೆಳವಣಿಗೆಯ ಚೋದಕವನ್ನು ಹಿಡಿದ ವಿವರ 1928ರಲ್ಲಿ ಪ್ರಕಟವಾಯಿತು. ಆಕ್ಸಿನ್ ಎನ್ನಲಾಗುವ ಆ ಚೋದಕದ ಬಳಗದ ಇಂಡೋಲ್ ಬ್ಯುಟಿರಿಕ್ ಆಮ್ಲವೇ ಇಂದಿನ ಜೆಲ್ಲುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಮನಿಪ್ಲಾಂಟಿಗೆ ಬರಿಯ ನೀರೇ ಸಾಕಾದರೂ, ಹಣ ಕೊಟ್ಟು ತಂದದ್ದನ್ನು ಹಚ್ಚದೆ ಬಿಡುವುದು ಯಾವ ಮನೆಯ ಪದ್ಧತಿಯೂ ಅಲ್ಲವೆಂದು ತುಂಡು ವಿಷಾದಿಸಿತು. ಹೆಚ್ಚು ಹಚ್ಚಿದರೆ ಬೇರು ಹೆಚ್ಚುವುದೇ ಎಂಬ ಪ್ರಶ್ನೆಗೆ, ಕಬ್ಬಿನ ಹೊಲದಲ್ಲಿ ಅಗಲ ಎಲೆಯ ಕಳೆಗಳನ್ನು ಸಾಯಿಸುವ 2,4-ಡಿ ಕೂಡ ಅದೇ ಬಳಗದ ಕೃತಕ ಸದಸ್ಯನೆಂದಷ್ಟೇ ಅದು ನೆನಪಿಸಿತು.

ಕಬ್ಬಿನ ಮಾತು ಬಂದೊಡನೆ ತುಂಡಿನ ಧ್ವನಿಯಲ್ಲಿ ತುಸು ಅಸೂಯೆ ಕಾಣಿಸಿತು. ಹುಕ್ಕೇರಿ ತಾಲೂಕಿನ ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಗೆ ಸಾಗುವ ಕಬ್ಬೆಲ್ಲವೂ ಜೆಲ್ಲಿನ ಹೆಸರನ್ನೇ ಕೇಳದೆ ತುಂಡಿನಿಂದ ಬೆಳೆದದ್ದು. ಅದರ ಪ್ರತಿ ಗಿಣ್ಣಿನಲ್ಲೂ ಮೊಗ್ಗು, ಅಂದರೆ ರೈತರು ಹೇಳುವ ಕಣ್ಣು, ಮತ್ತು ಬೇರಿನ ಮೂಲಾಂಕುರಗಳ ಒಂದು ಪಟ್ಟಿ ಮೊದಲೇ ಸಿದ್ಧವಾಗಿರುವುದರಿಂದ, ರೈತರು ತುಂಡನ್ನು ಉದ್ದದಿಂದಲ್ಲ, ಕಣ್ಣುಗಳ ಲೆಕ್ಕದಿಂದ ಅಳೆಯುತ್ತಾರೆ. ಮನಿಪ್ಲಾಂಟಿನ ನಿಯಮವೂ ಬೇರೆಯಲ್ಲ: ಗಿಣ್ಣಿಲ್ಲದೆ ಕಿತ್ತ ಎಲೆ ನೀರಿನಲ್ಲಿ ತಿಂಗಳುಗಟ್ಟಲೆ ಹಸಿರಾಗಿರುತ್ತದೆ, ಕೆಲವೊಮ್ಮೆ ಬೇರನ್ನೂ ಬಿಡುತ್ತದೆ, ಆದರೆ ಎಷ್ಟೇ ಜೆಲ್ಲು ಬಳಿದರೂ ಬಳ್ಳಿಯಾಗುವುದಿಲ್ಲ. ನೋಡಿದವರು ಮಾತ್ರ ಗಿಡವೆಂದೇ ನಂಬಿ ಫೋಟೋ ತೆಗೆಸಿಕೊಳ್ಳುತ್ತಾರೆ.

ಗೋಕಾಕದಿಂದ ಕತ್ತರಿಸಿ ಮೂಡಲಗಿಯನ್ನು ಪ್ರತ್ಯೇಕ ತಾಲೂಕು ಮಾಡಿದ ಬಗ್ಗೆ ಅಭಿಪ್ರಾಯ ಕೇಳಿದಾಗ, ಹೊಸ ತಾಲೂಕಿನಲ್ಲಿ ಫಲಕ ಎಲೆಯಾದರೆ ಸಿಬ್ಬಂದಿ, ಅನುದಾನ, ಕಡತಗಳೇ ಕಣ್ಣೆಂದು ತುಂಡು ಉತ್ತರಿಸಿತು. ಬೆಳಗಾವಿಯನ್ನು ಒಡೆದು ಗೋಕಾಕವನ್ನು ಜಿಲ್ಲೆ ಮಾಡಬೇಕೆಂಬ ಹಳೆಯ ಬೇಡಿಕೆಯ ಕುರಿತು, ಪ್ರತಿ ಚುನಾವಣೆಯಲ್ಲೂ ಕತ್ತರಿಯ ಬದಲು ಜೆಲ್ಲಿನ ಡಬ್ಬಿಯನ್ನೇ ತೋರಿಸಲಾಗುತ್ತಿದೆ ಎಂದಿತು. ಹಾಗಾದರೆ ಹುಕ್ಕೇರಿಯನ್ನು ಯಾವ ತುಂಡಿನ ಜೊತೆ ನೆಡಬೇಕೆಂಬ ಪ್ರಶ್ನೆಗೆ ಉತ್ತರಿಸಲು ಅದು ನಿರಾಕರಿಸಿ, ಆ ಬಗ್ಗೆ ಸಮಿತಿ ನೇಮಕವಾಗುವವರೆಗೆ ಬಾಟಲಿಯ ನೀರನ್ನು ವಾರಕ್ಕೊಮ್ಮೆ ಬದಲಿಸುತ್ತಿದ್ದರೆ ಸಾಕೆಂದು ಸೂಚಿಸಿತು.